ಅಣ್ಣನ ಪದ, ತಮ್ಮನ ತಂತಿ



ಗ್ರಾಮಫೋನ್ ತಟ್ಟೆಯ ನಡುವೆ ಅಂಟಿಸಿದ ದುಂಡು ಕಾಗದದ ಮೇಲೆ, ಹಾಡಿನ ಹೆಸರಿನ ಕೆಳಗೆ, ಅದನ್ನು ಕಟ್ಟಿದವನ ಹೆಸರನ್ನು ಸಣ್ಣ ಅಕ್ಷರಗಳಲ್ಲಿ ಅಚ್ಚುಮಾಡುವ ಪದ್ಧತಿಯುಂಟು. ಕೇಳುವವರಲ್ಲಿ ಬಹುಮಂದಿ ಅದನ್ನು ಓದುವುದಿಲ್ಲ. ಓದುವ ಕೆಲವರು ಮಾತ್ರ ಆ ಹೆಸರಿನ ಬೆನ್ನುಹತ್ತಿ, ಆತನ ಹಾಡುಗಳನ್ನೆಲ್ಲ ಅರಸಿ ತಂದು, ಮೊದಲನೆಯದರಿಂದ ಕೊನೆಯದರವರೆಗೆ ಅನುಕ್ರಮವಾಗಿ ಕೇಳಿ, ಯಾವುದು ಉತ್ತಮ, ಯಾವುದು ಮಧ್ಯಮ, ಯಾವುದಕ್ಕೆ ಲೋಕದಿಂದ ಅನ್ಯಾಯವಾಯಿತು ಎಂಬುದಾಗಿ ತಮ್ಮತಮ್ಮಲ್ಲಿ ವಾದಿಸುತ್ತ, ಆಯುಷ್ಯದ ಒಂದು ಭಾಗವನ್ನು ಪರಮಸಂತೋಷದಿಂದ ಕಳೆಯುತ್ತಾರೆ. ಇಂಗ್ಲೆಂಡಿನ ‘ಕಿಂಕ್ಸ್’ ಎಂಬ ವಾದ್ಯತಂಡದ ಅಭಿಮಾನಿಗಳು ಈ ಬಗೆಯ ರಸಿಕರಲ್ಲಿ ಅಗ್ರಗಣ್ಯರು. ಅವರು ಬೆನ್ನುಹತ್ತಿದ ಹೆಸರು ರೇ ಡೇವಿಸ್. ಆದರೆ ಕೇಳುತ್ತ ಕೇಳುತ್ತ ಹೋದಂತೆ, ಕಾಗದದ ಮೇಲೆ ಒಬ್ಬನದೇ ಆಗಿರುವ ಹಾಡಿನೊಳಗೆ ಇನ್ನೂ ಮೂರು ನಾಲ್ಕು ಮಂದಿಯ ಕೈಯೂ ಕಂಠವೂ ಕಲಹವೂ ಸೇರಿರುವುದು ಅವರ ಕಿವಿಗೆ ಬಿದ್ದಿತು. ಕಾಗದದ ಸಾಕ್ಷ್ಯಕ್ಕೂ ಕಿವಿಯ ಸಾಕ್ಷ್ಯಕ್ಕೂ ಇರುವ ಈ ಅಂತರವೇ ಇಂದಿನ ನನ್ನ ವಿಷಯ.

ಮೊದಲು ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ಚಲಚ್ಚಿತ್ರಗೀತೆಗಳಲ್ಲಿ ಸಾಹಿತ್ಯ ಒಬ್ಬರದು, ಸಂಗೀತ ಇನ್ನೊಬ್ಬರದು, ಗಾಯನ ಮತ್ತೊಬ್ಬರದು ಎಂದು ಕೀರ್ತಿ ಹಂಚಿಹೋಗುವುದು ವಾಡಿಕೆ. 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ತಲೆಯೆತ್ತಿದ ತರುಣರ ತಂಡಗಳಲ್ಲಿ ಪದವನ್ನೂ ಧಾಟಿಯನ್ನೂ ಒಬ್ಬನೇ ಕಟ್ಟಿ ತಾನೇ ಹಾಡುವ ಪದ್ಧತಿ ಬೆಳೆಯಿತು. ಆ ದೃಷ್ಟಿಯಿಂದ ಅವನನ್ನು ವಾಗ್ಗೇಯಕಾರನೆಂದು ಕರೆದರೂ ಸಲ್ಲುತ್ತದೆ. ಆದರೆ ನಮ್ಮ ವಾಗ್ಗೇಯಕಾರನ ಕೃತಿಯನ್ನು ಇಂದು ಒಬ್ಬರು, ನಾಳೆ ಮತ್ತೊಬ್ಬರು, ಬೇರೆ ಬೇರೆ ಪಕ್ಕವಾದ್ಯಗಳೊಡನೆ ಹಾಡಿದರೂ ಅದು ಅದೇ ಕೃತಿಯಾಗಿಯೇ ಉಳಿಯುತ್ತದೆ. ಇವರ ಹಾಡಾದರೋ, ಒಂದು ದಿನ ಒಂದು ಕೋಣೆಯಲ್ಲಿ ಯಾರು ಯಾರು ಕೂಡಿ ನುಡಿಸಿದರೋ ಆ ಒಂದು ಧ್ವನಿಮುದ್ರಿತ ರೂಪದಲ್ಲಿಯೇ ಜನಮನದಲ್ಲಿ ನೆಲೆಗೊಳ್ಳುತ್ತದೆ. ಆದುದರಿಂದ ಪಕ್ಕದಲ್ಲಿ ನುಡಿಸಿದವನೂ ಕೃತಿಯ ಅಂಗವಾಗಿಬಿಡುತ್ತಾನೆ, ಗೌರವಧನದ ಲೆಕ್ಕದಲ್ಲಿ ಅವನ ಹೆಸರು ಇಲ್ಲದಿದ್ದರೂ. ಕಿಂಕ್ಸರ ಕಥೆಯಲ್ಲಿ ಈ ಪಕ್ಕದವನು ಸ್ವಂತ ತಮ್ಮನೇ ಆಗಿದ್ದನೆಂಬುದು ವಿಶೇಷ.

ಉತ್ತರ ಲಂಡನ್ನಿನ ಮಸ್ವೆಲ್ ಹಿಲ್ ಪ್ರದೇಶದ ಶ್ರಮಜೀವಿಗಳ ಮನೆಯೊಂದರಲ್ಲಿ, ಆರು ಮಂದಿ ಹೆಣ್ಣುಮಕ್ಕಳಾದ ಮೇಲೆ, 1944ರ ಜೂನ್ 21ರಂದು ರೇ ಹುಟ್ಟಿದನು. 1947ರ ಫೆಬ್ರವರಿ 3ರಂದು ಡೇವ್. ಶನಿವಾರದ ರಾತ್ರಿಗಳಲ್ಲಿ ಮುಂಭಾಗದ ಕೋಣೆಯ ಪಿಯಾನೋ ಸುತ್ತ ನೆಂಟರಿಷ್ಟರು ನೆರೆದು, ಹಳೆಯ ನಾಟಕಶಾಲೆಗಳ ವಿನೋದಗೀತೆಗಳನ್ನೂ ಹೊಸ ಕುಣಿತದ ಹಾಡುಗಳನ್ನೂ ಗಂಟಲು ಬಿಚ್ಚಿ ಹಾಡುವುದು ಆ ಮನೆಯ ಸಂಪ್ರದಾಯ. ಅಕ್ಕಂದಿರಲ್ಲೊಬ್ಬಳಾದ ರೀನ್ ಹೃದ್ರೋಗಿ. ವೈದ್ಯರು ಬೇಡವೆಂದರೂ ನರ್ತನವನ್ನು ಬಿಟ್ಟವಳಲ್ಲ. ರೇಯ ಹದಿಮೂರನೆಯ ಹುಟ್ಟುಹಬ್ಬಕ್ಕೆಂದು ಅವನು ಬಯಸಿದ್ದ ಸ್ಪ್ಯಾನಿಷ್ ಗಿಟಾರನ್ನು ಕೊಂಡು ತಂದುಕೊಟ್ಟು, ಅವನೊಡನೆ ಸ್ವಲ್ಪ ಹೊತ್ತು ನುಡಿಸಿ, ಅದೇ ರಾತ್ರಿ ಲಂಡನ್ನಿನ ಲೈಸಿಯಂ ನೃತ್ಯಶಾಲೆಯಲ್ಲಿ ಕುಣಿಯುತ್ತಿರುವಾಗಲೇ ಆಕೆ ಪ್ರಾಣಬಿಟ್ಟಳು. ಅಣ್ಣ ಅಂತರ್ಮುಖಿಯಾಗಿ, ಕಂಡದ್ದನ್ನೆಲ್ಲ ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುವ ಸ್ವಭಾವದವನಾಗಿ ಬೆಳೆದನು. ತಮ್ಮ ನಿರ್ಭೀತ, ನಿರಂಕುಶ, ತೋಚಿದ್ದನ್ನು ಆ ಕ್ಷಣವೇ ಮಾಡಿಬಿಡುವವನು. ಇವರೊಡನೆ ರೇಯ ಸಹಪಾಠಿ ಪೀಟ್ ಕ್ವೇಫ್ ಮಂದ್ರದ ತಂತಿಗೆ ಸೇರಿದನು. ಜಾಹೀರಾತಿನ ಮೂಲಕ ಪರಿಚಯವಾದ ಮಿಕ್ ಏವರಿ ತಾಳವಾದ್ಯಕ್ಕೆ ಕುಳಿತನು.

ಮೊದಲ ಎರಡು ತಟ್ಟೆಗಳು ಸೋತವು. 1964ರ ಆಗಸ್ಟ್‌ನಲ್ಲಿ ಹೊರಬಂದ ಮೂರನೆಯದು ‘ಯೂ ರಿಯಲಿ ಗಾಟ್ ಮಿ’. ಮುಂದಿನ ತಿಂಗಳು ಅದು ಬ್ರಿಟನ್ನಿನ ಪಟ್ಟಿಯಲ್ಲಿ ಪ್ರಥಮಸ್ಥಾನಕ್ಕೇರಿತು. ಹಾಡನ್ನು ರೇ ಮನೆಯ ಪಿಯಾನೋದ ಮೇಲೆ ಕಟ್ಟಿದ್ದನು. ಮೊದಲು ಮುದ್ರಿಸಿದ ರೂಪ ವಿಳಂಬವಾಗಿಯೂ ಪ್ರತಿಧ್ವನಿಯಿಂದ ಮಸುಕಾಗಿಯೂ ಇದ್ದುದರಿಂದ, ಮತ್ತೆ ಮುದ್ರಿಸದ ಹೊರತು ಅದು ಹೊರಗೆ ಹೋಗಕೂಡದೆಂದು ಇಪ್ಪತ್ತು ವರ್ಷದ ಆ ತರುಣ ಹಿಡಿದ ಹಟವೇ ತಂಡವನ್ನು ಉಳಿಸಿತು. ಆದರೆ ಆ ಹಾಡನ್ನು ಕೇಳಿದವರ ಮೈ ನವಿರೇಳುವುದು ಪದದಿಂದಲ್ಲ, ಧಾಟಿಯಿಂದಲೂ ಅಲ್ಲ. ಆರಂಭದಲ್ಲೇ ಹರಿದು ಬರುವ ಆ ಒರಟು ತಂತಿಯ ನಾದದಿಂದ. ಅದು ಹದಿನೇಳರ ಡೇವ್‌ನ ಸೃಷ್ಟಿ. ಎಲ್ಪಿಕೊ ಎಂಬ ಹಸಿರು ಬಣ್ಣದ ಅಗ್ಗದ ಧ್ವನಿವರ್ಧಕವೊಂದು ಅವನಲ್ಲಿತ್ತು. ಅದರ ಸ್ಪೀಕರಿನ ಕಾಗದದ ಶಂಕುವನ್ನು ಕ್ಷೌರದ ಬ್ಲೇಡಿನಿಂದ ಸೀಳಿ, ಸೀಳಿದ ಕಾಗದ ಅದುರಿ ಹುಟ್ಟಿಸುವ ಗರಗರ ದನಿಯನ್ನು ಇನ್ನೊಂದು ದೊಡ್ಡ ಯಂತ್ರಕ್ಕೆ ಹಾಯಿಸಿ ಅವನು ಆ ನಾದವನ್ನು ಪಡೆದನು. ಕಾಗದದ ಮೇಲೆ ಆ ಹಾಡಿನ ಕರ್ತೃ ಅಣ್ಣನೊಬ್ಬನೇ.

ಆ ಹಾಡಿನ ನಡುವೆ ಮಿಂಚಿ ಹೋಗುವ ಗಿಟಾರಿನ ತುಣುಕನ್ನು ನುಡಿಸಿದವನು, ಅಂದು ಬಾಡಿಗೆಯ ವಾದಕನಾಗಿ ಸುತ್ತುತ್ತಿದ್ದು ಮುಂದೆ ಜಗತ್ಪ್ರಸಿದ್ಧನಾದ ಜಿಮ್ಮಿ ಪೇಜ್ ಎಂಬ ವದಂತಿ ಬಹುಕಾಲ ಹಬ್ಬಿತ್ತು. ಪೇಜ್ ತಾನೇ ಅದನ್ನು ಅಲ್ಲಗಳೆದಿದ್ದಾನೆ, ನುಡಿಸಿದವನು ಡೇವ್. ಅದೇ ತಟ್ಟೆಯಲ್ಲಿ ತಾಳ ಹಾಕಿದವನಾದರೋ ಏವರಿಯಲ್ಲ, ಬಾಬಿ ಗ್ರಹಾಂ ಎಂಬ ಬಾಡಿಗೆಯ ವಾದಕ. ಇಂತಹ ಸಂಗತಿಗಳನ್ನು ನಿಷ್ಕರ್ಷೆಮಾಡುವುದರಲ್ಲಿ ಅಭಿಮಾನಿಗಳು ತೋರಿಸುವ ಶ್ರದ್ಧೆಯನ್ನು ಕಂಡು ಹೊರಗಿನವರು ನಗುವುದುಂಟು. ನಗಬೇಕಾದದ್ದಿಲ್ಲ. ಶಾಸನದ ಕೆಳಗೆ ಅರಸನ ಹೆಸರಿದ್ದರೂ ಕಲ್ಲನ್ನು ಕಡೆದ ರೂವಾರಿ ಯಾರೆಂದು ವಿಚಾರಿಸುವುದು ಹೇಗೆ ವಿದ್ವತ್ತಿನ ಕಾರ್ಯವೋ ಇದೂ ಹಾಗೆಯೇ.

ಹಾಡು ಕಟ್ಟಿದವನಿಗೆ ಗೌರವಧನ ಜೀವಮಾನವಿಡೀ ಬರುತ್ತದೆ. ನುಡಿಸಿದವನ ಪಾಲು ಅದಕ್ಕೆ ಹೋಲಿಸಿದರೆ ಅಲ್ಪ. ವಯಸ್ಸು ಎಳೆಯದು, ಕೀರ್ತಿ ಹಠಾತ್ತನೆ ಬಂದದ್ದು, ಊರೂರು ತಿರುಗಾಟ ಬಿಡುವಿಲ್ಲದ್ದು; ಜಗಳಕ್ಕೆ ಬೇರೆ ಕಾರಣ ಬೇಕಿರಲಿಲ್ಲ. 1965ರ ಮೇ 19ರಂದು ಕಾರ್ಡಿಫ್ ನಗರದ ರಂಗಮಂದಿರದಲ್ಲಿ, ಸಭಿಕರ ಕಣ್ಣೆದುರಿಗೇ, ಡೇವ್ ಏವರಿಯನ್ನು ಹೀನಾಯವಾಗಿ ಮಾತಾಡಿ ಅವನ ವಾದ್ಯಗಳನ್ನು ಒದ್ದುರುಳಿಸಿದನು. ಏವರಿ ಝಲ್ಲರಿಯ ಕಬ್ಬಿಣದ ಕಾಲನ್ನೆತ್ತಿ ಅವನ ತಲೆಗೆ ಬಡಿದು, ಸತ್ತೇ ಹೋದನೆಂದು ಹೆದರಿ ರಂಗದಿಂದ ಓಡಿದನು. ಡೇವ್‌ನ ತಲೆಗೆ ಹದಿನಾರು ಹೊಲಿಗೆ ಬಿದ್ದವು. ಇಷ್ಟಾದ ಮೇಲೂ ಏವರಿ ತಂಡದಲ್ಲಿಯೇ 1984ರವರೆಗೆ ಉಳಿದನೆಂಬುದನ್ನು ನೆನೆದರೆ, ಅವರನ್ನು ಕೂಡಿಸಿಟ್ಟಿದ್ದ ಬಂಧ ಸ್ನೇಹಕ್ಕಿಂತ ಬೇರೆ ಏನೋ ಆಗಿದ್ದಿರಬೇಕು.

ಅದೇ ವರ್ಷ ಅಮೆರಿಕದ ವಾದ್ಯಗಾರರ ಒಕ್ಕೂಟ ಇವರಿಗೆ ಅಲ್ಲಿ ನುಡಿಸಲು ಅನುಮತಿಯನ್ನು ನಿರಾಕರಿಸಿತು. ಕಾರಣವನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. ಸಮಕಾಲೀನ ತಂಡಗಳೆಲ್ಲ ಅಟ್ಲಾಂಟಿಕ್ ಸಾಗರದ ಆಚೆ ಹಣವನ್ನೂ ಹೆಸರನ್ನೂ ಗಳಿಸುತ್ತಿದ್ದ 1965ರಿಂದ 1969ರವರೆಗಿನ ಕಾಲದಲ್ಲಿ ಕಿಂಕ್ಸರಿಗೆ ಆ ಬಾಗಿಲು ಮುಚ್ಚಿತ್ತು. ವ್ಯಾಪಾರದ ದೃಷ್ಟಿಯಿಂದ ಇದು ದೊಡ್ಡ ನಷ್ಟ. ಸಾಹಿತ್ಯದ ದೃಷ್ಟಿಯಿಂದಲೋ, ರೇ ಡೇವಿಸ್ ತನ್ನ ಬೀದಿಯನ್ನು, ತನ್ನ ನೆರೆಹೊರೆಯನ್ನು, ಬೆಳಗಿನ ರೈಲು ಹಿಡಿದು ಕಚೇರಿಗೆ ಹೋಗುವ ಸಂಭಾವಿತನನ್ನು, ತೆರಿಗೆ ತೆತ್ತು ಬರಿಗೈಯಾದ ಸಿರಿವಂತನನ್ನು, ಬಾಡಿಗೆ ಕೊಡಲಾರದ ಬಡ ಸಂಸಾರವನ್ನು ಕಣ್ಣಿಟ್ಟು ನೋಡಿ ಹಾಡಾಗಿಸಿದ್ದು ಈ ಬಂಧನದ ಕಾಲದಲ್ಲಿಯೇ. 1966ರ ಜುಲೈಯಲ್ಲಿ ಬೀಟಲ್ಸರ ಹಾಡನ್ನು ಕೆಳಗಿಳಿಸಿ ಪ್ರಥಮಸ್ಥಾನಕ್ಕೆ ಬಂದ ‘ಸನ್ನಿ ಆಫ್ಟರ್‌ನೂನ್’ ಆ ಸಿರಿವಂತನ ಸೋಮಾರಿ ಪ್ರಲಾಪ. ಹಾಸ್ಯಮಾಡುತ್ತಲೇ ಹಾಸ್ಯಕ್ಕೆ ಗುರಿಯಾದವನ ಮೇಲೆ ಕನಿಕರ ಹುಟ್ಟಿಸುವುದು ಇವನ ವೈಶಿಷ್ಟ್ಯ.

ಈ ನಡುವೆ ನಮ್ಮ ದೇಶಕ್ಕೂ ಒಂದು ಸಂಬಂಧ ಕೂಡಿಬಂದಿತು. 1965ರ ಜನವರಿಯಲ್ಲಿ ಆಸ್ಟ್ರೇಲಿಯಾಕ್ಕೆ ಹೋಗುವ ದಾರಿಯಲ್ಲಿ ತಂಡ ಮುಂಬಯಿಯಲ್ಲಿ ತಂಗಿತ್ತು. ಬೆಳಗಿನ ಜಾವ ಬಲೆಗಳನ್ನು ಹೊತ್ತು ಸಮುದ್ರಕ್ಕೆ ಹೊರಟ ಬೆಸ್ತರು ಒಕ್ಕೊರಲಿನಿಂದ ಹಾಡಿಕೊಳ್ಳುತ್ತಿದ್ದುದು ರೇಯ ಕಿವಿಗೆ ಬಿದ್ದಿತು. ಆ ಜುಲೈಯಲ್ಲಿ ಹೊರಬಂದ ‘ಸೀ ಮೈ ಫ್ರೆಂಡ್ಸ್’ ಎಂಬ ಹಾಡಿನಲ್ಲಿ ಗಿಟಾರಿನ ತಂತಿ ನಮ್ಮ ತಂಬೂರಿಯ ಶ್ರುತಿಯಂತೆ ಒಂದೇ ಸ್ವರವನ್ನು ಹಿಡಿದು ಮೊರೆಯುತ್ತದೆ. ಅದರ ಮೇಲೆ ಕಂಠ ತುಸು ಅನುನಾಸಿಕವಾಗಿ, ಎಳೆದೆಳೆದು ಸಾಗುತ್ತದೆ. ಬೀಟಲ್ಸ್ ತಟ್ಟೆಯಲ್ಲಿ ಸಿತಾರಿನ ನಾದ ಕೇಳಿಬಂದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಸಿತಾರವಿಲ್ಲದೆ, ಯಾವ ಗುರುವಿನ ಪಾಠವೂ ಇಲ್ಲದೆ, ಮುಂಬಯಿಯ ಬೆಸ್ತರಿಂದ ಈತ ಪಡೆದ ಋಣ ಅದಕ್ಕಿಂತ ಹಿಂದಿನದು ಎಂಬುದನ್ನು ಅಭಿಮಾನಿಗಳು ಯಾವ ಚರ್ಚೆಯಲ್ಲಿಯೂ ಜ್ಞಾಪಿಸಲು ಮರೆಯರು.

1967ರ ಮೇ ತಿಂಗಳಲ್ಲಿ ಬಂದ ‘ವಾಟರ್‌ಲೂ ಸನ್‌ಸೆಟ್’ ಇವನ ಕೃತಿಗಳಲ್ಲಿ ಶಿಖರಪ್ರಾಯವೆಂದು ಸಾಮಾನ್ಯವಾಗಿ ಎಲ್ಲರೂ ಒಪ್ಪುತ್ತಾರೆ. ಬಾಲ್ಯದಲ್ಲಿ ಕಾಯಿಲೆಯಾಗಿ ಥೇಮ್ಸ್ ನದಿಯ ದಡದ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮಲಗಿದ್ದಾಗ ದಾದಿಯರು ಮೊಗಸಾಲೆಗೆ ಕರೆತಂದು ತೋರಿಸಿದ ನದಿ. ರೈಲು ನಿಲ್ದಾಣದ ಜನಜಂಗುಳಿ. ಕಿಟಕಿಯಲ್ಲಿ ನಿಂತು ಅದನ್ನೆಲ್ಲ ನೋಡುತ್ತ, ಅದರೊಳಗೆ ಸೇರಲಾರದ, ಸೇರದಿದ್ದುದಕ್ಕೆ ವ್ಯಥೆಪಡದ ಒಬ್ಬ ಒಂಟಿ. ಆ ಪದಗಳು ತನಗೆ ಎಷ್ಟು ಅಂತರಂಗದವಾಗಿದ್ದವೆಂದರೆ, ಸಂಗಡಿಗರು ವಾದ್ಯಭಾಗವನ್ನು ನುಡಿಸಿ ಮುಗಿಸುವವರೆಗೂ ಅವುಗಳನ್ನು ಅವರಿಗೆ ತೋರಿಸಲಿಲ್ಲವೆಂದು ರೇ ಹೇಳಿಕೊಂಡಿದ್ದಾನೆ. ಇಂತಹ ಏಕಾಂತದ ಹಾಡೇ ಅತ್ಯಂತ ಸಾಮೂಹಿಕವೂ ಆಗಿರುವುದು ವಿಸ್ಮಯ. ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುವ ಕ್ವೇಫ್‌ನ ಮಂದ್ರವಿಲ್ಲದಿದ್ದರೆ, ಕ್ಷಣ ತಡೆದು ಮರುನುಡಿಯುವಂತೆ ಟೇಪಿನ ಪ್ರತಿಧ್ವನಿಯೊಡನೆ ಜೋಡಿಸಿದ ಡೇವ್‌ನ ತಂತಿಯಿಲ್ಲದಿದ್ದರೆ, ರೇಯ ಅಂದಿನ ಪತ್ನಿ ರಾಸಾಳ ತಾರಸ್ಥಾಯಿಯ ಎಳೆ ಮೇಲೆ ತೇಲದಿದ್ದರೆ, ಆ ಒಂಟಿಗನ ಸಂಜೆ ನಮಗೆ ಕಾಣುತ್ತಿರಲಿಲ್ಲ.

ಆ ವರ್ಷವೇ ಡೇವ್ ತನ್ನ ಹೆಸರಿನಲ್ಲಿ ‘ಡೆತ್ ಆಫ್ ಎ ಕ್ಲೌನ್’ ಎಂಬ ಹಾಡನ್ನು ಹೊರತಂದು ಮೂರನೆಯ ಸ್ಥಾನಕ್ಕೇರಿದನು. ಅದರಲ್ಲಿ ಅಣ್ಣನ ಕೈಯೂ ಸೇರಿತ್ತು. ರೇಯಾದರೋ ಅದೇ ವರ್ಷದ ‘ಟೂ ಸಿಸ್ಟರ್ಸ್’ ಎಂಬ ಹಾಡಿನಲ್ಲಿ, ಮದುವೆಯಾಗಿ ಮಕ್ಕಳ ಆರೈಕೆಯಲ್ಲಿ ಸಿಕ್ಕಿಕೊಂಡ ಅಕ್ಕ ಸ್ವಚ್ಛಂದವಾಗಿ ಅಲೆಯುವ ತಂಗಿಯನ್ನು ಕಂಡು ಕರುಬುವುದನ್ನು ಚಿತ್ರಿಸಿದನು. ಸೀರೆಯುಡಿಸಿ ಮರೆಮಾಡಿದರೂ ಇವರು ಯಾರೆಂಬುದು ತಿಳಿಯದೆ ಹೋಗಲಿಲ್ಲ. ತಮ್ಮನ ಮೇಲಿನ ಅಸೂಯೆಯನ್ನು ಬರೆದವನು ಅಣ್ಣ. ಅದಕ್ಕೆ ತಂತಿ ಮಿಡಿದವನು ತಮ್ಮ. ಇಂತಹ ಸನ್ನಿವೇಶ ಸಂಗೀತದ ಇತಿಹಾಸದಲ್ಲಿ ವಿರಳವೆಂದೇ ಹೇಳಬೇಕು.

1968ರ ನವೆಂಬರ್ 22ರಂದು ‘ದಿ ಕಿಂಕ್ಸ್ ಆರ್ ದಿ ವಿಲೇಜ್ ಗ್ರೀನ್ ಪ್ರಿಸರ್ವೇಶನ್ ಸೊಸೈಟಿ’ ಎಂಬ ದೀರ್ಘನಾಮದ ಸಂಕಲನ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ಬೀಟಲ್ಸರ ಬಿಳಿ ಹೊದಿಕೆಯ ಜೋಡಿ ತಟ್ಟೆಗಳು ಬಂದದ್ದೂ ಅದೇ ದಿನ. ಕ್ರಾಂತಿಯ ಘೋಷಣೆಗಳು ಮೊಳಗುತ್ತಿದ್ದ ವರ್ಷದಲ್ಲಿ, ಹಳ್ಳಿಯ ಹಸಿರು, ಹಳೆಯ ಗೆಳೆಯ, ಉಗಿಯ ರೈಲು, ಮಾಸಿದ ಭಾವಚಿತ್ರ ಇವುಗಳನ್ನು ಕುರಿತ ಹದಿನೈದು ಹಾಡುಗಳಿಗೆ ಯಾರು ಕಿವಿಗೊಟ್ಟಾರು? ಅದು ಯಾವ ಪಟ್ಟಿಯನ್ನೂ ಸೇರಲಿಲ್ಲ. ಗತಕಾಲವನ್ನು ಅದು ಕುರುಡಾಗಿ ಕೊಂಡಾಡುವುದೂ ಇಲ್ಲ. ಕಾಪಾಡಬೇಕೆನ್ನುವವನ ಮೊಂಡುತನವನ್ನೂ, ಚಿತ್ರ ತೆಗೆದಿಟ್ಟ ಮಾತ್ರಕ್ಕೆ ಕಾಲ ನಿಲ್ಲದೆಂಬ ಅರಿವನ್ನೂ ಏಕಕಾಲಕ್ಕೆ ಧ್ವನಿಸುವುದರಿಂದಲೇ ಅದು ಕಾವ್ಯದ ಹತ್ತಿರ ಬರುತ್ತದೆ. ಅದರಲ್ಲಿ ಕೇಳಿಬರುವ ಕೀಲಿಮಣೆಯ ಸೊಗಸಿನಲ್ಲಿ ಬಹುಭಾಗ ನಿಕಿ ಹಾಪ್ಕಿನ್ಸ್ ಎಂಬ ಬಾಡಿಗೆಯ ವಾದಕನದು. ಹೊದಿಕೆಯ ಮೇಲೆ ತನ್ನ ಹೆಸರಿಲ್ಲದ್ದಕ್ಕೆ ಆತ ನೊಂದುಕೊಂಡಿದ್ದನು. ತಂಡವೆಲ್ಲ ಕೂಡಿ ದುಡಿದ ಕೃತಿ ಇದೆಂದು ಭಾವಿಸಿದ್ದ ಕ್ವೇಫ್ ಮರುವರ್ಷ ತಂಡವನ್ನೇ ಬಿಟ್ಟನು. ಆಗ ಕೈಬಿಡದೆ ಉಳಿದವರು ರಸಿಕರು. ಅಂಗಡಿಗಳ ಮೂಲೆಗಳಿಂದ ಅದನ್ನು ಹುಡುಕಿ ತೆಗೆದು ಕೈಯಿಂದ ಕೈಗೆ ದಾಟಿಸಿದರು. ಅವರಲ್ಲಿ ಕೆಲವರು ತಾವೇ ಹಾಡುಗಾರರಾಗಿ ಮುಂದಿನ ತಲೆಮಾರಿಗೆ ರೇಯ ಹಾಡುಗಳನ್ನು ಹಾಡಿ ಕೇಳಿಸಿದರು. ಐವತ್ತು ವರ್ಷಗಳ ತರುವಾಯ, 2018ರಲ್ಲಿ, ಬ್ರಿಟನ್ನಿನಲ್ಲಿ ಒಂದು ಲಕ್ಷ ಪ್ರತಿಗಳ ಮಾರಾಟಕ್ಕೆ ಸಲ್ಲುವ ಚಿನ್ನದ ಮನ್ನಣೆ ಆ ಸಂಕಲನಕ್ಕೆ ದೊರೆಯಿತು.

ಮುಂದಿನ ಕಥೆಯನ್ನು ಸಂಗ್ರಹವಾಗಿ ಹೇಳುತ್ತೇನೆ. ಅಕ್ಕ ರೋಸಿಯ ಸಂಸಾರ ಆಸ್ಟ್ರೇಲಿಯಾಕ್ಕೆ ವಲಸೆ ಹೋದ ನೋವಿನಿಂದ 1969ರ ‘ಆರ್ಥರ್’ ಹುಟ್ಟಿತು. ಭಾವನ ಹೆಸರೇ ಆ ಸಂಕಲನದ ಹೆಸರು. 1970ರ ‘ಲೋಲಾ’ದಲ್ಲಿ ಒಂದು ಪಾನೀಯದ ವ್ಯಾಪಾರನಾಮ ಬಂದಿತ್ತು, ಬಿ.ಬಿ.ಸಿ.ಯ ನಿಯಮ ಅದಕ್ಕೆ ಅಡ್ಡಬಂದುದರಿಂದ, ಆ ಒಂದು ಮಾತನ್ನು ತಿದ್ದಿ ಹಾಡುವುದಕ್ಕಾಗಿ ರೇ ಅಮೆರಿಕದಿಂದ ಲಂಡನ್ನಿಗೆ ವಿಮಾನದಲ್ಲಿ ಬಂದು ಹೋದನು. 1973ರಿಂದ ಮೂರು ನಾಲ್ಕು ವರ್ಷ ಅವನಿಗೆ ನಾಟಕದ ಗೀಳು ಹಿಡಿಯಿತು. ಹಾಡುಗಳು ಪಾತ್ರಗಳ ಸಂಭಾಷಣೆಗಳಾದವು, ಸಂಗಡಿಗರು ವೇಷಧಾರಿಗಳಾದರು, ಡೇವ್‌ನ ತಂತಿ ಹಿಂದಕ್ಕೆ ಸರಿಯಿತು. ರಸಿಕರು ಈ ಕಾಲದ ಕೃತಿಗಳ ವಿಷಯದಲ್ಲಿ ಇಂದಿಗೂ ಎರಡು ಪಕ್ಷವಾಗಿದ್ದಾರೆ. ನನಗೆ ತೋರುವಂತೆ, ಲೇಖಕನೊಬ್ಬನೇ ಇದ್ದು ಎದುರುನುಡಿಯುವವರು ಇಲ್ಲದಾಗ ಹಾಡಿಗೆ ಏನಾಗುತ್ತದೆಂಬುದಕ್ಕೆ ಆ ಸಂಕಲನಗಳೇ ದೃಷ್ಟಾಂತ: ಪದ ಚತುರವಾಗಿದೆ, ನಾದ ಸೊರಗಿದೆ. 1977ರ ಅನಂತರ ತಂತಿ ಮತ್ತೆ ಮುಂದೆ ಬಂದಿತು. ಒಮ್ಮೆ ಬಾಗಿಲು ಮುಚ್ಚಿದ್ದ ಅಮೆರಿಕದ ವಿಶಾಲ ಸಭಾಂಗಣಗಳು ಇವರಿಗಾಗಿ ತುಂಬಿದವು. 1983ರಲ್ಲಿ ಅಲ್ಲಿ ಆರನೆಯ ಸ್ಥಾನಕ್ಕೇರಿದ ‘ಕಮ್ ಡಾನ್ಸಿಂಗ್’, ಕುಣಿಯುತ್ತ ಪ್ರಾಣಬಿಟ್ಟ ಆ ಅಕ್ಕನನ್ನು ಕುರಿತದ್ದು. ಗಿಟಾರು ಕೊಟ್ಟವಳ ಋಣವನ್ನು ತೀರಿಸಲು ರೇಗೆ ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಮರುವರ್ಷ ಏವರಿ ತಂಡವನ್ನು ಬಿಟ್ಟನಾದರೂ, ಅವರದೇ ಆದ ಕಾಂಕ್ ಎಂಬ ಧ್ವನಿಮುದ್ರಣಶಾಲೆಯ ಮೇಲ್ವಿಚಾರಣೆಗೆ ನಿಂತನು. 1993ರ ಕೊನೆಯ ಸಂಕಲನದಲ್ಲಿ ಅಣ್ಣತಮ್ಮಂದಿರು ಪರಸ್ಪರ ದ್ವೇಷವನ್ನೇ ವಸ್ತುವಾಗಿಟ್ಟುಕೊಂಡು ಯುಗಳಗೀತೆಯೊಂದನ್ನು ಹಾಡಿದರು. 1996ರಲ್ಲಿ ತಂಡ ಚದುರಿತು.

ಇಲ್ಲಿ ಅಭಿಮಾನಿಗಳು ಎಡವುವ ಒಂದು ಸ್ಥಳವಿದೆ. ಜಗಳವೇ ಪ್ರತಿಭೆಯ ಮೂಲವೆಂದು ಬಗೆದು, ಕಾರ್ಡಿಫಿನ ರಕ್ತವನ್ನೂ ಪುರಾಣವನ್ನಾಗಿ ಮಾಡಿ ಸವಿಯುವವರುಂಟು. ಲೋಕದಲ್ಲಿ ಹೊಡೆದಾಡುವ ಅಣ್ಣತಮ್ಮಂದಿರು ಅಸಂಖ್ಯ. ಅವರ ಮನೆಗಳಿಂದ ಹಾಡು ಹೊರಡುವುದಿಲ್ಲ. ಇವರಿಬ್ಬರಿಗೂ ಒಂದೇ ಮುಂಭಾಗದ ಕೋಣೆಯಲ್ಲಿ ಕಿವಿ ತೆರೆದಿತ್ತು. ಒಬ್ಬನ ಕಂಠ ಎಲ್ಲಿ ಉಸಿರು ಕಟ್ಟುವುದೆಂಬುದು ಇನ್ನೊಬ್ಬನಿಗೆ ಹೇಳದೆ ತಿಳಿಯುತ್ತಿತ್ತು. ಸ್ವರಮೇಳದಲ್ಲಿ ಅವರ ದನಿಗಳು ಕೂಡುವ ಬಗೆ ಹೊರಗಿನಿಂದ ತಂದದ್ದಲ್ಲ. ಕಲಹ ಇದರ ಮೂಲವಲ್ಲ, ಇದಕ್ಕೆ ತೆತ್ತ ಬೆಲೆ. ಮುಂದೆ ಇಬ್ಬರೂ ಬೇರೆಬೇರೆಯಾಗಿ ಹಾಡಿದರು. ಅಣ್ಣನಿಗೆ 2017ರಲ್ಲಿ ‘ಸರ್’ ಪದವಿಯೂ ಬಂದಿತು. 2015ರ ಡಿಸೆಂಬರಿನಲ್ಲಿ ಲಂಡನ್ನಿನ ಇಸ್ಲಿಂಗ್‌ಟನ್ನಿನಲ್ಲಿ ತಮ್ಮನ ಕಚೇರಿ ನಡೆಯುತ್ತಿದ್ದಾಗ ಅಣ್ಣ ವೇದಿಕೆಯೇರಿ, ಸೀಳಿದ ಸ್ಪೀಕರಿನ ಆ ಹಳೆಯ ಹಾಡನ್ನು ಅವನೊಡನೆ ಹಾಡಿದನು.

ಉತ್ತರ ಲಂಡನ್ನಿನಲ್ಲಿ ವರ್ಷಕ್ಕೊಮ್ಮೆ ಇವರ ಅಭಿಮಾನಿಗಳ ಸಮಾವೇಶ ಸೇರುವ ಪದ್ಧತಿ ಬೆಳೆದು ಬಂದಿದೆ. ಅಲ್ಲಿ ನುಡಿಸುವವರು ಒಂದು ಕಾಲದಲ್ಲಿ ಆ ತಂಡದಲ್ಲಿದ್ದು ಹೊರಬಂದ ವಾದಕರು. ನಾಯಕರಿಲ್ಲದ ಆ ಕಚೇರಿಗೆ ದೇಶವಿದೇಶಗಳಿಂದ ಜನ ಬರುವುದು, ಪಕ್ಕದಲ್ಲಿ ನಿಂತವನಿಗೂ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸುವುದಕ್ಕಾಗಿ. ಕಾನೂನು ಕೊಡದ ಪಾಲನ್ನು ರಸಿಕರು ತಮ್ಮ ಪ್ರೀತಿಯಿಂದ ಹೀಗೆ ತುಂಬಿಕೊಡುತ್ತಾರೆ.

ಈ ಹಾಡುಗಳನ್ನು ಈಗ ಹೊಸದಾಗಿ ಕೇಳಬೇಕೆನ್ನುವ ಶ್ರೋತೃಗಳಿಗೆ ನನ್ನದೊಂದು ಸೂಚನೆ. 1966ರಿಂದ 1968ರವರೆಗಿನ ತಟ್ಟೆಗಳಿಂದ ಆರಂಭಿಸಿರಿ. ಮೊದಲ ಸಲ ಮುಂದಿನ ಕಂಠವನ್ನು ಹಿಂಬಾಲಿಸಿ ಪದದ ಅರ್ಥವನ್ನು ಗ್ರಹಿಸಿರಿ. ಎರಡನೆಯ ಸಲ ಆ ಕಂಠವನ್ನು ಅದರ ಪಾಡಿಗೆ ಬಿಟ್ಟು, ಅದರ ಮೇಲೆ ತುಸು ಕೀರಲಾಗಿ ಕೇಳುವ ತಮ್ಮನ ದನಿಯೊಂದನ್ನೇ ಹಿಡಿದು ನಡೆಯಿರಿ. ಮೂರನೆಯ ಸಲ ಮಂದ್ರವನ್ನೂ ತಾಳವನ್ನೂ ಕೇಳಿರಿ. ಹೀಗೆ ಕೇಳಿದವರಿಗೆ ಅಣ್ಣನನ್ನು ಹೊಗಳುವುದಕ್ಕಾಗಿ ತಮ್ಮನನ್ನು ಮರೆಯಬೇಕಾದ ಅಗತ್ಯ ಕಾಣುವುದಿಲ್ಲ. ತಮ್ಮನ ಪಕ್ಷವಹಿಸಿ ಅಣ್ಣನೊಡನೆ ವ್ಯಾಜ್ಯ ಹೂಡುವ ಅಗತ್ಯವೂ ಇಲ್ಲ. ಇಬ್ಬರ ನಡುವಣ ವ್ಯವಹಾರ ಅವರಿಗೆ ಸೇರಿದ್ದು. ಹಾಡು ನಮಗೆ ಇಬ್ಬರಿಂದಲೂ ಬಂದದ್ದು.